ಎರಡು ವ್ಯಾಟಿನ ಹೊಟ್ಟೆಕಿಚ್ಚು

ನಮ್ಮ ಮನೆಗೆ ಬಂದವರು ಈಗೀಗ ನಮ್ಮ ಮುಖ ನೋಡುವುದಿಲ್ಲ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರೇ ಹಾಲ್‌ನ ಎರಡು ಮೂಲೆಗಳನ್ನು ನೋಡುತ್ತ ನಿಲ್ಲುತ್ತಾರೆ. ಅಲ್ಲಿ ಆಳೆತ್ತರದ ಎರಡು ಮರದ ಪೆಟ್ಟಿಗೆಗಳಿವೆ. ಮೇಲ್ಭಾಗದಲ್ಲಿ ತಟ್ಟೆಯಗಲದ ಕಾಗದದ ಸ್ಪೀಕರು, ಕೆಳಗೆ ಬೆಕ್ಕು ನುಸುಳುವಷ್ಟು ದೊಡ್ಡ ಬಾಯಿ. ಗ್ಯಾಸ್ ಸಿಲಿಂಡರ್ ತರುವವನು ಅವನ್ನು ಬೀರು ಎಂದುಕೊಂಡಿದ್ದಾನೆ. ಮೊನ್ನೆ ರಾಯಚೂರಿನಿಂದ ವರ್ಗವಾಗಿ ಬಂದ ಹೊಸ ಕ್ಲಾರ್ಕ್ ದಂಪತಿ ಊಟಕ್ಕೆ ಬಂದಿದ್ದಾಗ ಕ್ಲಾರ್ಕನ ಎಳೆಯ ಹೆಂಡತಿ ಪೆಟ್ಟಿಗೆಯ ಮೇಲೆ ಕೈಯಾಡಿಸಿ, "ಇದರಾಗ ಏನಿಟ್ಟೀರಿ ಆಂಟಿ?" ಎಂದು ಕೇಳಿದಳು. ನನ್ನ ಹೆಂಡತಿ ಸುಮಂಗಲಾ ಚಪಾತಿ ಬಡಿಸುತ್ತಲೇ, "ನಮ್ಮವರ ಹೊಟ್ಟೆಕಿಚ್ಚು ಇಟ್ಟೇವಮ್ಮಾ. ಹೊರಗಿಟ್ರ ಕೆಡ್ತದ," ಎಂದಳು.

ಆ ಹುಡುಗಿ ನಕ್ಕಳು. ನಾನು ನಗಲಿಲ್ಲ, ಯಾಕೆಂದರೆ ಅದು ಬಹುಮಟ್ಟಿಗೆ ನಿಜ. ಕೆಲವರಿಗೆ ಪಕ್ಕದವರ ಕಾರು ನೋಡಿದರೆ ಹೊಟ್ಟೆ ಉರಿಯುತ್ತದೆ, ಕೆಲವರಿಗೆ ಭಡ್ತಿ ನೋಡಿದರೆ. ನನಗೆ ಸ್ಪೀಕರು ನೋಡಿದರೆ ಉರಿಯಿತು. ಇದಕ್ಕೆ ಹಿನ್ನೆಲೆ ಹೇಳದೆ ಹೋದರೆ ನೀವು ನನ್ನನ್ನು ತೀರಾ ಸಣ್ಣ ಮನುಷ್ಯ ಎಂದುಕೊಂಡೀರಿ. ಹೇಳಿದ ಮೇಲೆ ಅಂದುಕೊಂಡರೆ ಅಡ್ಡಿಯಿಲ್ಲ.

ನಾನು ಗದಗಿನವನು. ಬ್ಯಾಂಕಿನ ಕೆಲಸ ನನ್ನನ್ನು ಊರೂರು ತಿರುಗಿಸಿ ಈಗ ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ತಂದು ಕೂರಿಸಿದೆ. ಹೋದಲ್ಲೆಲ್ಲ ನನ್ನ ಜೊತೆಗೆ ಬಂದದ್ದು ವಾಲ್ವ್‌ಗಳ ಹುಚ್ಚು. ಹಳೆಯ ರೇಡಿಯೋಗಳ ಹಿಂಬದಿಯಲ್ಲಿ ಕೆಂಪಗೆ ಬೆಳಗುತ್ತಿದ್ದ ಗಾಜಿನ ಬುರುಡೆಗಳು ನಿಮಗೆ ನೆನಪಿರಬಹುದು. ಅವೇ. ಅವನ್ನು ಹಾಕಿ ಮಾಡಿದ ಆಂಪ್ಲಿಫೈಯರ್ ಇವತ್ತಿಗೂ ಸಿಗುತ್ತದೆ, ಇವತ್ತಿಗೂ ನನ್ನಂಥವರು ಅದಕ್ಕೆ ಮರುಳಾಗುತ್ತಾರೆ. ಸ್ವಿಚ್ ಹಾಕಿದ ಕೂಡಲೇ ಅದು ಹಾಡುವುದಿಲ್ಲ. ಮೊದಲು ಬೆಚ್ಚಗಾಗಬೇಕು. ಆ ಕಾಯುವಿಕೆಯೇ ನನಗೆ ಇಷ್ಟ.

ಈ ರುಚಿ ಹತ್ತಿದ್ದು ಅಪ್ಪನ ರೇಡಿಯೋದಿಂದ. ಗದಗಿನ ನಮ್ಮ ಓಣಿಯಲ್ಲಿ ರೇಡಿಯೋ ಇದ್ದದ್ದು ಎರಡೇ ಮನೆಯಲ್ಲಿ, ನಮ್ಮಲ್ಲಿ ಮತ್ತು ಎದುರಿನ ವಕೀಲರಲ್ಲಿ. ನಮ್ಮದರ ಮೇಲೆ ಅವ್ವ ಕಸೂತಿ ಹಾಕಿದ ಬಿಳಿ ಬಟ್ಟೆ ಹೊದಿಸಿದ್ದಳು. ವಾರ್ತೆಯ ಹೊತ್ತಿಗೆ ಆ ಬಟ್ಟೆಯನ್ನು ಸರಿಸುವ ಅಧಿಕಾರ ನನ್ನದು. ವಾಲ್ವ್ ಬಿಸಿಯಾದಾಗ ಧೂಳು ಸುಟ್ಟ ಒಂದು ವಾಸನೆ ಬರುತ್ತಿತ್ತು. ಅದು ಬಂತೆಂದರೆ ಇನ್ನೇನು ಮಾತು ಬರುತ್ತದೆ ಎಂದರ್ಥ. ಇಷ್ಟೆಲ್ಲ ವೈಭವ ಮನೆಯಲ್ಲೇ ಇದ್ದರೂ ಅಪ್ಪ ಸಂಜೆ ನಮ್ಮ ರೇಡಿಯೋ ಆರಿಸಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ವಕೀಲರ ಕಟ್ಟೆಗೆ ಹೋಗಿ ಅವರ ರೇಡಿಯೋ ಕೇಳುತ್ತಿದ್ದ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಅದೇ ಸಂಗೀತ, ಅದೇ ಸ್ಟೇಷನ್ನು, ಆದರೂ ಅಪ್ಪ ಅಲ್ಲಿ ತಲೆದೂಗುತ್ತಿದ್ದ. ನನಗೆ ಅಳು ಬರುವಷ್ಟು ಹೊಟ್ಟೆಕಿಚ್ಚು. "ಅವರ ರೇಡಿಯೋ ಛಲೋ ಅದ ಏನವ್ವಾ?" ಎಂದು ಕೇಳಿದರೆ ಅವ್ವ, "ರೇಡಿಯೋ ಎಲ್ಲಾ ಒಂದs. ಅಲ್ಲೆ ಕೂತು ಮಾತಾಡ್ಲಿಕ್ಕೆ ಮಂದಿ ಇರ್ತಾರ," ಎಂದಿದ್ದಳು. ನಾನು ನಂಬಲಿಲ್ಲ. ವಕೀಲರ ರೇಡಿಯೋದಲ್ಲಿ ಏನೋ ಹೆಚ್ಚಿನದು ಇದೆ ಎಂದೇ ತಿಳಿದು ಬೆಳೆದೆ.

ಇರಲಿ. ವಿಶಾಖಪಟ್ಟಣಕ್ಕೆ ಬಂದ ಮೇಲೆ ನನ್ನ ಹುಚ್ಚಿಗೆ ಮೇವು ಸಿಕ್ಕಿತು. ಗಾಜುವಾಕದ ಮುಖ್ಯರಸ್ತೆಯ ಹಿಂದಿನ ಗಲ್ಲಿಯಲ್ಲಿ ಹಳೆಯ ವಾಲ್ವ್, ಟ್ರಾನ್ಸ್‌ಫಾರ್ಮರ್ ಮಾರುವ ಅಂಗಡಿಯೊಂದಿದೆ. ಅಲ್ಲಿಂದ ಸಾಮಾನು ತಂದು, ಮೊಬೈಲಿನಲ್ಲಿ ವಿಡಿಯೋ ನೋಡಿ, ಕೈ ಸುಟ್ಟುಕೊಂಡು ನಾನೇ ಒಂದು ಆಂಪ್ಲಿಫೈಯರ್ ಕಟ್ಟಿದೆ. ಅದು ಹಾಡುತ್ತಿತ್ತು. ಹಾಡಿನ ಜೊತೆಗೆ ಗುಂಯ್ ಎಂದು ಸದಾ ಗುನುಗುತ್ತಲೂ ಇತ್ತು. ಏನು ಮಾಡಿದರೂ ಆ ಗುಂಯ್ ಹೋಗಲಿಲ್ಲ. ಬೇಸತ್ತು ಅದನ್ನು ಅಟ್ಟಕ್ಕೆ ಹಾಕಿ, ಬಲ್ಲವರು ಕಟ್ಟಿದ ಒಳ್ಳೆಯದೊಂದನ್ನು ಕೊಂಡುಕೊಂಡೆ. ಅದರಲ್ಲಿ ಗುಂಯ್ ಇಲ್ಲ. ಆದರೆ ಎರಡಕ್ಕೂ ಒಂದೇ ಬಡತನ: ಶಕ್ತಿ ಎರಡು ವ್ಯಾಟ್. ನಮ್ಮ ಅಡುಗೆಮನೆಯ ಮಿಕ್ಸರ್‌ನ ಮೇಲೆ ಬರೆದಿರುವ ವ್ಯಾಟ್ ಓದಿದ ದಿನ ನನಗೆ ನಾಚಿಕೆಯಾಯಿತು.

ಎರಡು ವ್ಯಾಟ್ ಸಾಲದೇ ಎಂದರೆ, ಸಾಲುತ್ತದೆ. ಅದಕ್ಕೆ ತಕ್ಕ ಸ್ಪೀಕರು ಬೇಕು. ಇದು ಈ ಹುಚ್ಚಿನವರಿಗೆಲ್ಲ ಗೊತ್ತಿರುವ ಮಾತು. ಕೆಲವು ಸ್ಪೀಕರುಗಳು ಚಿಕ್ಕ ಪೆಟ್ಟಿಗೆಯಲ್ಲಿ ಭಾರವಾಗಿ ಕೂತಿರುತ್ತವೆ. ಅವನ್ನು ಅಲುಗಾಡಿಸಲು ದೊಡ್ಡ ಆಂಪ್ಲಿಫೈಯರೇ ಆಗಬೇಕು. ಇನ್ನು ಕೆಲವು ಹಗುರ ಕಾಗದದ, ದೊಡ್ಡ ಅಯಸ್ಕಾಂತದ, ಒಳಗೆ ಕಹಳೆಯಂತೆ ಸುತ್ತಿಕೊಂಡ ದಾರಿಯಿರುವ ದೊಡ್ಡ ಪೆಟ್ಟಿಗೆಯ ಸ್ಪೀಕರುಗಳು. ಅವಕ್ಕೆ ಒಂದಿಷ್ಟು ಸುಳಿವು ಕೊಟ್ಟರೆ ಸಾಕು, ಮನೆ ತುಂಬ ಹಾಡುತ್ತವೆ. ಇವು ಒಂದು ವ್ಯಾಟಿನಲ್ಲಿ ಮಾಡುವುದನ್ನು ಅವು ಮಾಡಲು ಹತ್ತು ವ್ಯಾಟ್ ತಿನ್ನುತ್ತವೆ. ನನ್ನ ಬಳಿ ಇದ್ದದ್ದು ಆ ತಿನ್ನುವ ಜಾತಿಯವು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವವರು ಸಣ್ಣ ಸ್ಪೀಕರನ್ನೇ ಇಟ್ಟುಕೊಳ್ಳುವುದು.

ಇದನ್ನು ಒಂದು ದಿನ ಸುಮಂಗಲಾಗೆ ವಿವರಿಸಿದೆ. ಅವಳು ಹುಣಸೆಹಣ್ಣು ಬಿಡಿಸುತ್ತ ಗಂಭೀರವಾಗಿ ಕೇಳಿ, "ಅಂದ್ರ ಕೆಲವರಿಗೆ ಸಣ್ಣಗೆ ಹೇಳಿದ್ರೂ ಕೇಳಸ್ತದ, ಕೆಲವರಿಗೆ ಹತ್ತು ಸಲ ಒದರಬೇಕು. ಹಂಗೇನು?" ಎಂದಳು.

"ಹಂಗ ಅನ್ನಬಹುದು," ಎಂದೆ.

"ಎರಡನೇ ನಮೂನಿದು ನಮ್ಮನ್ಯಾಗ ಮೊದಲs ಒಂದು ಅದ. ಮತ್ತೆ ಎರಡು ಯಾಕ ತಂದ್ರಿ?"

ಶ್ರೀಪಾದನ ಪ್ರವೇಶ ಆಗುವುದು ಇಲ್ಲಿ. ಶ್ರೀಪಾದ ಧಾರವಾಡದವನು. ನಾವಿಬ್ಬರೂ ಒಂದೇ ದಿನ ಬ್ಯಾಂಕು ಸೇರಿ, ಒಂದೇ ಕೋಣೆಯಲ್ಲಿದ್ದು ತರಬೇತಿ ಪಡೆದವರು. ಮೆತ್ತಗಿನ ಮಾತು, ಯಾವುದಕ್ಕೂ ಅವಸರವಿಲ್ಲ. ಅವನಿಗೂ ಹೆಂಡತಿ ವೀಣಾಗೂ ಮಕ್ಕಳಿಲ್ಲ. ಅವನಿಗೆ ವಿಜಯವಾಡಕ್ಕೆ ವರ್ಗವಾದಾಗ ನನಗೆ ಸಂತೋಷವೇ ಆಯಿತು, ಯಾಕೆಂದರೆ ಅದೇ ವರ್ಷ ನಮ್ಮ ಮಗಳು ಮೇಘನಾಳನ್ನು ಅಲ್ಲಿಯ ಹಾಸ್ಟೆಲ್ಲಿಗೆ ಸೇರಿಸುವುದಿತ್ತು. ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಮುಗಿಸಿ ಮೆಡಿಕಲ್ ಪ್ರವೇಶ ಪರೀಕ್ಷೆಯಲ್ಲಿ ಸೀಟು ಸಿಗದ ಮಕ್ಕಳು ಮತ್ತೆ ಒಂದು ವರ್ಷ ಅದನ್ನೇ ಓದುವುದಕ್ಕೆ ಈ ಕಡೆ ಲಾಂಗ್ ಟರ್ಮ್ ಎನ್ನುತ್ತಾರೆ. ವಿಜಯವಾಡ ಅದರ ತವರು. ಅಲ್ಲಿ ಮಕ್ಕಳ ಕೈಗೆ ಮೊಬೈಲು ಕೊಡುವುದಿಲ್ಲ. ಭಾನುವಾರ ಮಾತ್ರ ಹೊರಗೆ ಬಿಡುತ್ತಾರೆ, ಅದೂ ಊರಿನಲ್ಲಿ ಪೋಷಕರು ಅಂತ ಒಬ್ಬರು ಬಂದು ಕರೆದೊಯ್ದರೆ. ಪರಊರಿನಲ್ಲಿರುವ ನಮ್ಮ ಕನ್ನಡದ ಬ್ಯಾಂಕಿನವರಲ್ಲಿ ಇದೊಂದು ನಡೆದು ಬಂದ ರೂಢಿ: ಯಾರದೇ ಮಗು ಯಾವ ಊರಲ್ಲಿ ಓದಲಿ, ಆ ಊರಿನಲ್ಲಿರುವ ನಮ್ಮವರೇ ಅದಕ್ಕೆ ಕಾಕಾ, ಕಾಕು. ಹಾಸ್ಟೆಲ್ಲಿನ ಕಾರ್ಡಿನ ಮೇಲೆ ಶ್ರೀಪಾದನ ಫೋಟೋ ಅಂಟಿಸಿ ಬಂದೆವು.

ಅವನು ಮನೆ ಹಿಡಿದ ವಾರವೇ ಫೋನು ಮಾಡಿದ. "ವಸಂತಾ, ಇಲ್ಲೆ ಹಾಲ್‌ನಾಗ ಎರಡು ದೊಡ್ಡ ಡಬ್ಬಿ ಅವ. ಮನಿ ಮಾಲಕರು ಬಿಟ್ಟು ಹೋಗ್ಯಾರ. ಸಣ್ಣ ಫ್ಲ್ಯಾಟಿಗೆ ಹೋದ್ರಂತ, ಅಲ್ಲೆ ಹಿಡಿಸಂಗಿಲ್ಲಂತ. ಕೇಳಿದ್ರ 'ಮೀರೇ ಉಂಚುಕೋಂಡಿ' ಅಂದ್ರು. ನೀವs ಇಟ್ಕೋರಿ ಅಂತ. ಸ್ಪೀಕರ್ ಇದ್ದಂಗ ಅವ. ಇವಕ್ಕೇನು ಮಾಡೂದಪಾ?"

ಫೋಟೋ ಕಳಿಸು ಎಂದೆ. ಕಳಿಸಿದ. ನಾನು ಕ್ಯಾಬಿನ್ನಿನಲ್ಲಿ ಕೂತು, ಎದುರಿಗಿದ್ದ ಗ್ರಾಹಕರನ್ನು ಮರೆತು, ಆ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ನಾನು ವರ್ಷಗಟ್ಟಲೆ ಹುಡುಕಿದ ಸ್ಪೀಕರುಗಳವು. ಭೀಮುನಿಪಟ್ಟಣದ ಹಳೆಯ ಬಂಗಲೆಯೊಂದರಲ್ಲಿ ಇಂಥವು ಇವೆ ಎಂದು ಯಾರೋ ಹೇಳಿದ್ದನ್ನು ನಂಬಿ ಸುಮಂಗಲಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಡಲದಂಡೆಗುಂಟ ಹೋಗಿದ್ದೆ. ಅಲ್ಲಿ ಪೆಟ್ಟಿಗೆ ಇತ್ತು, ಸ್ಪೀಕರು ಕಿತ್ತು ಯಾವ ಕಾಲವೋ ಆಗಿತ್ತು, ಒಳಗೆ ಕೋಳಿಗಳು ಕಾವಿಗೆ ಕೂತಿದ್ದವು. ಸುಮಂಗಲಾ ಆ ಕೋಳಿಗಳ ಫೋಟೋ ತೆಗೆದು ಎಲ್ಲ ಬಳಗಕ್ಕೆ ಕಳಿಸಿದ್ದಳು. ಹೀಗೆ ಹುಡುಕಿದವನಿಗೆ ಕೋಳಿಗೂಡು. ಸಂಗೀತದ ಗಂಧವಿದ್ದರೂ ಸ್ಪೀಕರಿನ ಗಂಧವಿಲ್ಲದ ಶ್ರೀಪಾದನಿಗೆ ಬಾಡಿಗೆ ಮನೆಯ ಜೊತೆಗೇ ಪುಕ್ಕಟೆ. ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಮುಂದಿನ ಭಾನುವಾರವೇ ಹೊರಟೆ. ಮಗಳನ್ನು ನೋಡುವ ನೆಪ ಸಿದ್ಧವಾಗಿಯೇ ಇತ್ತು. ನನ್ನ ಒಳ್ಳೆಯ ಆಂಪ್ಲಿಫೈಯರನ್ನು ಪಂಚೆಯಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕೂತೆ. ಎದುರಿನ ಸೀಟಿನ ಹೆಂಗಸು ಅದು ದೇವರ ಮೂರ್ತಿ ಇರಬೇಕೆಂದು ದೇವಸ್ಥಾನದ ಊರು ಅನ್ನವರಂ ದಾಟುವಾಗ ಅದಕ್ಕೊಂದು ನಮಸ್ಕಾರ ಮಾಡಿದಳು. ನಾನು ತಿದ್ದಲಿಲ್ಲ.

ವಿಜಯವಾಡದ ಬಿಸಿಲು ನಿಮಗೆ ಗೊತ್ತು. ಅದರಲ್ಲಿ ವಾಲ್ವ್ ಉರಿಸುವುದೆಂದರೆ ಒಲೆಯ ಮುಂದೆ ಇನ್ನೊಂದು ಒಲೆ ಹಚ್ಚಿದಂತೆ. ಶ್ರೀಪಾದ, ವೀಣಾ, ಹಾಸ್ಟೆಲ್ಲಿನಿಂದ ಬಂದ ಮೇಘಿ ಚಾಪೆಯ ಮೇಲೆ ಕೂತರು. ನಾನು ತಂತಿ ಜೋಡಿಸಿದೆ. ವಾಲ್ವ್ ಕೆಂಪಾಯಿತು. ತಂಬೂರಿ ಮೊದಲು ಬಂತು, ಆಮೇಲೆ ಗಾಯಕರು ಉಸಿರೆಳೆದುಕೊಂಡದ್ದು ಕೇಳಿಸಿತು, ಆಮೇಲೆ ಸ್ವರ. ನನ್ನ ಮನೆಯಲ್ಲಿ ನೂರಾರು ಸಲ ಕೇಳಿದ ರೆಕಾರ್ಡಿಂಗು ಅದು. ಆ ಉಸಿರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ನಮ್ಮ ಮನೆಯಲ್ಲಿ ಎಷ್ಟು ಕೇಳಿಕೊಂಡರೂ ಬಾಯಿ ಬಿಡದ ಕೂಸು ಪಕ್ಕದ ಮನೆಯಲ್ಲಿ ಕೂತು ಹಾಡು ಹೇಳುತ್ತದಲ್ಲ, ಆಗ ತಂದೆ-ತಾಯಿಗೆ ಆಗುವ ಸಂತೋಷದ ತಳದಲ್ಲಿ ಒಂದು ಚುಚ್ಚು ಇರುತ್ತದೆ. ನನಗೆ ಬರೀ ಚುಚ್ಚೇ ಇತ್ತು. ನನ್ನ ಆಂಪ್ಲಿಫೈಯರು, ನಾನು ಒರೆಸಿ ಮುಚ್ಚಿ ಜೋಪಾನ ಮಾಡಿದ್ದು, ಇನ್ನೊಬ್ಬನ ಮನೆಯಲ್ಲಿ ಇಷ್ಟು ಚೆನ್ನಾಗಿ ಹಾಡಬಾರದಿತ್ತು.

"ಎಷ್ಟು ಛಂದ ಅದ ಅಲ್ಲಾ," ಎಂದ ಶ್ರೀಪಾದ.

"ಪರವಾಗಿಲ್ಲ. ಸ್ವಲ್ಪ ಮೂಗಿನಾಗ ಹಾಡಿದಂಗ ಆಗ್ತದ," ಎಂದೆ. ಹಾಗೇನೂ ಆಗುತ್ತಿರಲಿಲ್ಲ.

ಹೊರಡುವಾಗ ಅವನು, ಇಂಥದೊಂದು ನನಗೂ ಕೊಡಿಸು ಎಂದು ಕೇಳಿದ. ಇಲ್ಲವೆನ್ನುವುದು ಹೇಗೆ? ಅಟ್ಟದಲ್ಲಿದ್ದ, ಗುಂಯ್ ಎನ್ನುವ ನನ್ನ ಕೈಕಟ್ಟಿನದನ್ನು ಮುಂದಿನ ಸಲ ಒಯ್ದು ಕೊಟ್ಟೆ. ಆ ಸೂಕ್ಷ್ಮದ ಸ್ಪೀಕರಿನಲ್ಲಿ ಗುಂಯ್ ಇನ್ನೂ ದೊಡ್ಡದಾಗಿ ಕೇಳುತ್ತದೆ, ಅವನು ಬೇಸತ್ತು ಸುಮ್ಮನಾಗುತ್ತಾನೆ ಎಂಬ ಆಸೆ ನನಗಿರಲಿಲ್ಲ ಎಂದರೆ ಸುಳ್ಳಾದೀತು. ಶ್ರೀಪಾದ ಅದನ್ನು ಕೇಳಿ, "ಇರ್ಲಿ ಬಿಡಪಾ. ಮನ್ಯಾಗ ಯಾರೋ ಇದ್ದಂಗ ಅನಸ್ತದ," ಎಂದ. ಹೊಟ್ಟೆಕಿಚ್ಚುಪಡುವವನಿಗೆ ಇಂಥ ಗೆಳೆಯರು ಸಿಗಬಾರದು.

ನಿಜವಾದ ಉರಿ ಶುರುವಾದದ್ದು ಆಮೇಲೆ. ಭಾನುವಾರ ಮಧ್ಯಾಹ್ನ ಮೇಘಿ ಕಾಕಾನ ಮೊಬೈಲಿನಿಂದ ನಮಗೆ ಫೋನು ಮಾಡುತ್ತಿದ್ದಳು. ನಾನು ಊಟ ಮುಗಿಸಿ ಫೋನಿನ ಮುಂದೆಯೇ ಕೂತಿರುತ್ತಿದ್ದೆ.

"ಮೇಘಿ, ಊಟ ಆತೇನು?"

"ಆತಪ್ಪಾ."

"ಓದು ಹೆಂಗ ನಡದದ? ಟೆಸ್ಟಿನ್ಯಾಗ ಎಷ್ಟು ಬಂತು?"

"ಬಂದದಪ್ಪಾ. ಹೋದ್ವಾರ ಹೇಳಿದ್ದೆ ಕದಾ."

"ಮತ್ತ?"

"ಮತ್ತೇನಿಲ್ಲ. ಅಮ್ಮಗ ಕೊಡು."

ಇಷ್ಟೇ. ನಮ್ಮ ಮಗಳು ಹುಟ್ಟಿದ್ದು ಗದಗಿನಲ್ಲಿ, ಬೆಳೆದದ್ದೆಲ್ಲ ತೆಲುಗಿನಲ್ಲಿ. ಗೆಳತಿಯರೊಡನೆ ಅವಳ ತೆಲುಗು ನೀರಿನಂತೆ ಹರಿಯುತ್ತದೆ. ನನ್ನೊಡನೆ ಕನ್ನಡ ತೊಟ್ಟಿಕ್ಕುತ್ತದೆ, ಅದರಲ್ಲೂ 'ಅಲ್ಲವೇ' ಎನ್ನಲು ತೆಲುಗಿನ 'ಕದಾ'. ಭಾಷೆಯ ತೊಂದರೆ, ಕಾಲ ಹಾಗಿದೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಆದರೆ ಅವಳು ಫೋನು ಕೊಡುವ ಮುಂಚಿನ, ಕೊಟ್ಟ ನಂತರದ ಸದ್ದುಗಳು ನನಗೆ ಕೇಳಿಸುತ್ತಿದ್ದವಲ್ಲ. ಹಿಂದೆ ಸಣ್ಣಗೆ ಹಾಡು. ಹಾಡಿನ ಕೆಳಗೆ ನನ್ನ ಆಂಪ್ಲಿಫೈಯರಿನ ಗುಂಯ್, ಅದನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ಅದರ ನಡುವೆ ಮೇಘಿಯ ಮಾತು, ಎಡೆಬಿಡದೆ, ನಮ್ಮ ಮನೆಯದೇ ಕನ್ನಡದಲ್ಲಿ: "ಕಾಕಾ, ಆ ವಾರ್ಡನ್ ಏನಂದ್ಲು ಗೊತ್ತೇನು..." ಮತ್ತು ವೀಣಾ, ಶ್ರೀಪಾದರ ನಗು. ವಾರ್ಡನ್ ಏನಂದಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅವಳು ಮಾವಿನಕಾಯಿ ಚಿತ್ರಾನ್ನ ತಿನ್ನಲು ಕಲಿತದ್ದು, ಹಾಸ್ಟೆಲ್ಲಿನಲ್ಲಿ ಜ್ವರ ಬಂದದ್ದು, ಕೂದಲು ಕತ್ತರಿಸಿಕೊಂಡದ್ದು, ಎಲ್ಲವೂ ನನಗೆ ಶ್ರೀಪಾದನಿಂದ ತಿಳಿಯುತ್ತಿತ್ತು. ಅವನು ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದ. "ನಿನಗ ಹೇಳಿರಬೇಕಲ್ಲ," ಎಂದು ಶುರುಮಾಡುತ್ತಿದ್ದ. "ಹೂಂ, ಹೇಳ್ಯಾಳ," ಎನ್ನುತ್ತಿದ್ದೆ. ಫೋನು ಇಟ್ಟು ಬಾಲ್ಕನಿಯಲ್ಲಿ ನಿಲ್ಲುತ್ತಿದ್ದೆ. ಕಡಲ ಕಡೆಯಿಂದ ಉಪ್ಪುಗಾಳಿ ಬೀಸುತ್ತಿರುತ್ತಿತ್ತು. ಈ ಊರಿನಲ್ಲಿ ಕಿಟಕಿಯ ಸರಳಿನಿಂದ ಹಿಡಿದು ಕತ್ತರಿಯವರೆಗೆ ಎಲ್ಲಕ್ಕೂ ತುಕ್ಕು ಹಿಡಿಯುತ್ತದೆ, ನನಗೂ ಹಿಡಿದಿರಬೇಕು.

ವಿಚಿತ್ರವೆಂದರೆ ನನ್ನ ಸಿಟ್ಟೆಲ್ಲ ಆ ಸ್ಪೀಕರುಗಳ ಮೇಲೆ ಹೋಯಿತು. ನನ್ನ ಆಂಪ್ಲಿಫೈಯರು ಅವುಗಳ ಮುಂದೆ ಬಾಯಿ ಬಿಟ್ಟಿತು, ನನ್ನ ಮಗಳೂ ಅವುಗಳ ಮುಂದೆಯೇ ಬಾಯಿ ಬಿಟ್ಟಳು. ಅವು ನನ್ನ ಮನೆಯಲ್ಲಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ಗಟ್ಟಿಯಾಗಿ ನಂಬಿದೆ. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ತರ್ಕದಿಂದ ಅಳೆದು ನೋಡುವವನ ತರ್ಕ ಮನೆಯಲ್ಲಿ ಹೀಗಿತ್ತು.

ವರ್ಷ ತುಂಬುವ ಮೊದಲೇ ಶ್ರೀಪಾದನಿಗೆ ಧಾರವಾಡಕ್ಕೆ ವರ್ಗವಾಯಿತು. ಊರಿಗೆ ಕಳಿಸಿರೆಂದು ಅವನೂ ಕೇಳಿದ್ದ, ನಾನೂ ಕೇಳಿದ್ದೆ; ಬಂದದ್ದು ಅವನಿಗೆ. ಇದರ ಉರಿ ಬೇರೆಯೇ ಒಂದು ಪ್ರಬಂಧವಾದೀತು. ಆದರೆ ನಮ್ಮಲ್ಲಿ ಇನ್ನೊಂದು ರೂಢಿ ಇದೆ. ವರ್ಗವಾಗಿ ಹೋಗುವವರ ಲಾರಿಗೆ ಹಿಡಿಸದ ಸಾಮಾನು ಹತ್ತಿರದ ನಮ್ಮವರಿಗೆ ಸೇರಬೇಕು. ನಮ್ಮ ಮನೆಯ ಕೂಲರು ಕಲಬುರಗಿಯವರದು, ಒರಳು ಹಾಸನದವರದು, ಉಯ್ಯಾಲೆ ಯಾರದೆಂದು ಈಗ ಯಾರಿಗೂ ನೆನಪಿಲ್ಲ. ವರ್ಗದ ಸುದ್ದಿ ಹೇಳಲು ಶ್ರೀಪಾದ ಫೋನು ಮಾಡಿದಾಗ ಅಭಿನಂದನೆ ಹೇಳಿ ಮುಗಿಸುವ ಮೊದಲೇ, "ಮತ್ತ ಆ ಸ್ಪೀಕರು?" ಎಂದುಬಿಟ್ಟೆ.

"ಅವು ನಿನ್ನವs ಅಲ್ಲೇನಪಾ," ಎಂದ. "ಸಣ್ಣ ಡಬ್ಬಿ ಅಷ್ಟ ನಾ ಒಯ್ತೀನಿ. ನೀ ಕೈಲೆ ಮಾಡಿದ್ದು."

ಪೆಟ್ಟಿಗೆಗಳು ವ್ಯಾನಿನಲ್ಲಿ ಬಂದವು. ಲಿಫ್ಟಿಗೆ ಹಿಡಿಸಲಿಲ್ಲ. ಹೊತ್ತವರು ಪ್ರತಿ ಮೆಟ್ಟಿಲಿಗೂ ನಿಂತು, "ಇವಿ ಬೀರುವಾಲಾ ಸಾರ್?" ಎಂದು ಕೇಳಿದರು, ಬೀರುವೇ ಹೌದು ಎಂದು ಹೇಳಿ ಬಚಾವಾದೆ. ಸುಮಂಗಲಾಳ ತುಳಸಿ ಬಾಲ್ಕನಿಗೆ ಹೋಯಿತು, ಸೋಫಾ ಬಾಗಿಲಿಗೆ ಅಡ್ಡ ಬಂತು. ನಾನು ಸ್ನಾನ ಮಾಡಿ, ಶುಭ್ರ ಬನಿಯನ್ನು ಹಾಕಿಕೊಂಡು, ಒಳ್ಳೆಯ ಆಂಪ್ಲಿಫೈಯರು ಜೋಡಿಸಿ, ಅದೇ ರೆಕಾರ್ಡಿಂಗು ಹಾಕಿದೆ. ಇಷ್ಟು ವರ್ಷ ತಡೆದದ್ದೆಲ್ಲ ಹೊರಬರಲಿ ಎಂದು ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಎರಡೇ ವ್ಯಾಟಿಗೆ ಕಿಟಕಿಯ ಗಾಜುಗಳು ನಡುಗಿದವು. ಮೇಲಿನ ಮನೆಯ ರಾವುಗಾರು ಇಳಿದು ಬಂದು, ಏನಾದರೂ ಫಂಕ್ಷನ್ನು ಇದೆಯೇ ಎಂದು ವಿನಯದಿಂದ ವಿಚಾರಿಸಿ ಹೋದರು.

ಜೋರಾಗಿ ಕೇಳುತ್ತಿತ್ತು. ಆದರೆ ವಿಜಯವಾಡದಲ್ಲಿ ಕೇಳಿದ್ದು ಇದಲ್ಲ. ಪೆಟ್ಟಿಗೆಗಳನ್ನು ಗೋಡೆಗೆ ಸರಿಸಿದೆ, ಗೋಡೆಯಿಂದ ಎಳೆದೆ, ಮುಖಾಮುಖಿ ನಿಲ್ಲಿಸಿದೆ. ಪರದೆ ಹಾಕಿಸಿದೆ, ತೆಗೆಸಿದೆ. ಸುಮಂಗಲಾ ನನ್ನ ಹಿಂದೆ ಕಸಬರಿಗೆ ಹಿಡಿದು ಓಡಾಡಿದಳು. ಕೊನೆಗೆ ಸೋತು ಧಾರವಾಡಕ್ಕೆ ಫೋನು ಮಾಡಿದೆ.

"ನೀ ಅಲ್ಲೆ ಏನು ಮಾಡ್ತಿದ್ದಿ? ಇಲ್ಲೆ ಹಂಗ ಕೇಳವಲ್ದು."

"ನಾ ಏನು ಮಾಡ್ತಿದ್ನಪಾ, ಸ್ವಿಚ್ ಹಾಕ್ತಿದ್ದೆ. ಉಳಿದದ್ದು ಮೇಘಿನs ನೋಡ್ಕೋತಿದ್ಲು. ಆಕಿನ್ನ ಕೇಳು, ಆಕಿಗೆ ಗೊತ್ತದ."

ಆಕಿಗೆ ಗೊತ್ತದ. ಅವನ ಮನೆಯಲ್ಲಿ ನನ್ನ ಮಗಳಿಗೆ ಏನು ಗೊತ್ತಿದೆ ಎಂಬುದನ್ನೂ ಅವನೇ ನನಗೆ ಹೇಳಬೇಕು.

ಪರೀಕ್ಷೆ ಮುಗಿಸಿ ಮೇಘಿ ಮನೆಗೆ ಬಂದಳು. ಬಂದವಳೇ ಪೆಟ್ಟಿಗೆಗಳನ್ನು ನೋಡಿ, ನೆಂಟರನ್ನು ಕಂಡವಳಂತೆ ಹತ್ತಿರ ಹೋಗಿ ಮುಟ್ಟಿದಳು. ನನಗೆ ಅದೂ ಸಹಿಸಲಾಗಲಿಲ್ಲ. ಮೊದಲ ಕೆಲವು ದಿನ ಮತ್ತದೇ: ಊಟ ಆತು, ನಿದ್ದಿ ಆತು, ಪೇಪರು ಛಲೋ ಆಗೇದ. ಒಂದು ಸಂಜೆ ನಾನು ಎಂದಿನಂತೆ ಹಾಡು ಹಚ್ಚಿ ಕುರ್ಚಿಯಲ್ಲಿ ಕೂತಿದ್ದೆ. ಅವಳು ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತು ಏನೋ ಅಂದಳು. ನನಗೆ ಕೇಳಿಸಲಿಲ್ಲ.

"ಏನಂದೀ?" ಎಂದು ಕೂಗಿದೆ.

"ಇಷ್ಟ್ಯಾಕ ಜೋರು ಇಟ್ಟೀ ಅಪ್ಪಾ?"

"ಈ ಸ್ಪೀಕರಿನ ತಾಕತ್ತು ಗೊತ್ತಾಗಬೇಕಂದ್ರ..."

"ಕಾಕಾನ ಮನ್ಯಾಗ ಇಷ್ಟು ಇಡ್ತಿರ್ಲಿಲ್ಲ," ಎಂದು ಅವಳು ಬಂದು ಗುಂಡಿ ಹಿಡಿದು ತಗ್ಗಿಸತೊಡಗಿದಳು. ಸಾಕು ಎಂದರೂ ಬಿಡದೆ, ಇನ್ನೇನು ಪೂರ್ತಿ ಆರಿಹೋಯಿತು ಎನ್ನುವಲ್ಲಿಗೆ ತಂದು ನಿಲ್ಲಿಸಿದಳು. "ಇಷ್ಟ. ಮಾತಾಡಿದ್ರ ಕೇಳಬೇಕು ಕದಾ. ಅಲ್ಲೆ ಸ್ವಲ್ಪ ಗುಂಯ್ ಅಂತಿತ್ತು, ಅದಿಲ್ಲಂದ್ರ ಹೆಂಗೋ ಅನಸ್ತದ."

ನಾನು ಕಿವಿಗೊಟ್ಟೆ. ತಂಬೂರಿ ಇತ್ತು. ಉಸಿರು ಇತ್ತು. ಇಷ್ಟು ಸಣ್ಣಗೆ ಇಟ್ಟರೂ ಒಂದೆಳೆ ತಪ್ಪದೆ ಎಲ್ಲವೂ ಅಲ್ಲೇ ಇತ್ತು, ಬೀದಿಯಲ್ಲಿ ತರಕಾರಿಯವಳು ಕೂಗುವುದೂ, ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುವುದೂ ಅದರ ಜೊತೆಗೇ ಕೇಳುತ್ತಿತ್ತು. ಈ ಸ್ಪೀಕರುಗಳ ದೊಡ್ಡಸ್ತಿಕೆ ಜೋರಾಗಿ ಹಾಡುವುದರಲ್ಲಿ ಇದೆ ಎಂದು ತಿಳಿದಿದ್ದೆನಲ್ಲ, ಅದು ನನ್ನ ಪೆದ್ದುತನ. ಇಷ್ಟು ಕಡಿಮೆಯಲ್ಲಿ ಇಷ್ಟನ್ನು ಹೇಳುವುದಕ್ಕೇ ಅವು ಅಷ್ಟು ದೊಡ್ಡದಾಗಿರುವುದು.

ಮೇಘಿ ಪೆಟ್ಟಿಗೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಅಲ್ಲಿಯೂ ಹೀಗೇ ಕೂರುತ್ತಿದ್ದಳೆಂದು ಕಾಣುತ್ತದೆ. ನಾನು ಎಂದಿನಂತೆ ಟೆಸ್ಟು, ಮಾರ್ಕು, ಕಟಾಫು ಎಂದು ಬಾಯಿ ತೆರೆಯಬೇಕೆಂದಿದ್ದವನು, ಯಾಕೋ, ಈ ಸಣ್ಣ ಸದ್ದಿನ ಮೇಲೆ ಮಾತು ಹೇರಲು ಮನಸ್ಸಾಗದೆ ಸುಮ್ಮನಾದೆ. ಆಲಾಪ ಒಂದು ಸುತ್ತು ಬಂತು. ಅವಳು ಉಗುರಿನಿಂದ ನೆಲದ ಮೇಲೆ ಏನೋ ಗೀಚುತ್ತ, ಹಾಡಿಗಿಂತ ಸಣ್ಣಗೆ ಅಂದಳು:

"ಅಪ್ಪಾ, ನನಗ ಈ ಸಲನೂ ಸೀಟು ಬರಂಗಿಲ್ಲ. ನನಗ ಗೊತ್ತದ. ಬಂದ್ರೂ ಬ್ಯಾಡ. ನಾ ಮತ್ತ ಲಾಂಗ್ ಟರ್ಮಿಗೆ ಹೋಗಂಗಿಲ್ಲ. ಇಲ್ಲೇ ಇರ್ತೀನಿ, ಬಿ.ಎಸ್ಸಿ. ಮಾಡ್ತೀನಿ. ಈ ವರ್ಷ ಎಲ್ಲಾ ನಾ ಭಾಳ ಅತ್ತೀನಪ್ಪಾ."

ಒಬ್ಬ ತಂದೆ ಇಂಥ ಮಾತಿಗೆ ಏನು ಹೇಳಬೇಕು? ಯಾಕೆ ಎನ್ನಬೇಕು, ಅಥವಾ ಹತ್ತಿರ ಹೋಗಿ ತಲೆ ಸವರಬೇಕು, ಸಿಟ್ಟಾದರೂ ಮಾಡಬೇಕು. ನನ್ನ ಬಾಯಿಂದ ಬಂದದ್ದನ್ನು ನಿಮಗೆ ಹೇಳಲು ಸಂಕೋಚವಾಗುತ್ತದೆ.

"ಇದನ್ನ ಕಾಕಾಗ ಹೇಳೀಯೇನು?"

ಅವಳು ತಲೆಯೆತ್ತಿ ನೋಡಿದಳು. "ಇಲ್ಲಪ್ಪಾ. ನಿನಗ ಮೊದಲು."

ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮಗಳು ಡಾಕ್ಟರಾಗುವುದಿಲ್ಲ, ವರ್ಷ ಹೋಯಿತು, ಅವಳು ಅತ್ತಿದ್ದಾಳೆ, ನನಗೆ ಗೊತ್ತೇ ಆಗಿರಲಿಲ್ಲ. ಇವೆಲ್ಲ ಒಂದೊಂದಾಗಿ ಆಮೇಲೆ ಬಂದು ನನ್ನನ್ನು ಹಿಂಡಿದವು, ಅದು ಬೇರೆ. ಆ ಕ್ಷಣಕ್ಕೆ ಮಾತ್ರ ನಾನು ಹಿಗ್ಗಿದೆ. ಒಗ್ಗರಣೆಯ ಸೌಟು ಹಿಡಿದುಕೊಂಡೇ ಸುಮಂಗಲಾ ಬಾಗಿಲಿಗೆ ಬಂದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಕೂಸು ಏನು ಹೇಳ್ಲಿಕತ್ತದ, ನೀವು ನಗ್ಲಿಕತ್ತೀರಲ್ರೀ," ಎಂದಳು.

ನಾನು ಕುರ್ಚಿ ಬಿಟ್ಟು ಮಗಳ ಪಕ್ಕದಲ್ಲಿ ನೆಲಕ್ಕೆ ಕೂತೆ. ಮೊಣಕಾಲು ಎರಡೂ ಗೊಣಗಿದವು. "ಹೂಂ, ಹೇಳು," ಎಂದೆ. ಅವಳು ಹೇಳಿದಳು. ಹಾಸ್ಟೆಲ್ಲಿನ ಕಿಟಕಿ, ಜೊತೆಗಿದ್ದ ಹುಡುಗಿಯ ಕಥೆ, ಎಲ್ಲಿ ಕೂತು ಅಳುತ್ತಿದ್ದಳು ಎಂಬುದು. ಕನ್ನಡ ಸಾಲದಾದಲ್ಲಿ ತೆಲುಗು ಬಂತು, ತೆಲುಗಿನಿಂದ ಮತ್ತೆ ಕನ್ನಡಕ್ಕೆ ಬಂದಳು. ನನಗೆ ಎಲ್ಲವೂ ಕೇಳಿಸುತ್ತಿತ್ತು.

ನಡುವೆ ಫೋನು ಬಂತು. ಶ್ರೀಪಾದ. ಎದ್ದು ಬಾಲ್ಕನಿಗೆ ಹೋಗಿ ಮಾತಾಡಿದೆ.

"ಏನಪಾ, ಸ್ಪೀಕರು ಹಾಡಿದ್ವೇನು?"

"ಹಾಡ್ಲಿಕತ್ತಾವ. ನಿಂದು?"

"ಇಲ್ಲೆ ಸಣ್ಣ ಸ್ಪೀಕರಿಗೆ ಹಚ್ಚೀನಿ. ಏನೂ ಕೇಳಸಂಗಿಲ್ಲ. ಗುಂಯ್ ಸೈತ ಕೇಳಸಂಗಿಲ್ಲ ನೋಡು," ಎಂದು ನಕ್ಕ. ನಗು ಬೇಗ ಮುಗಿಯಿತು. "ಭಾನುವಾರ ಬಂತಂದ್ರ ಭಾಳ ಬೇಸರಪಾ. ವೀಣಾನೂ ಸುಮ್ಮ ಕೂತಿರ್ತಾಳ. ಅಲ್ಲೆ ಯಾರೋ ಮಾತಾಡ್ಲಿಕತ್ತಾರಲ್ಲ, ಮೇಘಿ ಅಲ್ಲೇನು?"

ಹಾಲ್‌ನಲ್ಲಿ ಮೇಘಿ ತಾಯಿಗೆ ಏನೋ ಹೇಳುತ್ತಿದ್ದಳು. ಅಷ್ಟು ದೂರದ ಧಾರವಾಡದಲ್ಲಿ ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು ಅದನ್ನು ಕೇಳಿಸಿಕೊಳ್ಳುತ್ತಿದ್ದ. ಭಾನುವಾರಗಳಲ್ಲಿ ನಾನು ಕೂತಿರುತ್ತಿದ್ದುದೂ ಹೀಗೆಯೇ. ಆ ಉರಿ ಹೇಗಿರುತ್ತದೆಂದು ನನ್ನಷ್ಟು ಬಲ್ಲವರು ಯಾರೂ ಇಲ್ಲ.

"ಹೂಂ, ಮೇಘಿ," ಎಂದೆ.

"ಒಂದು ನಿಮಿಷ ಕೊಡ್ತೀ ಏನು?"

ಕೊಡಬೇಕಿತ್ತು. ಅವನು ಎರಡನೆಯ ಮಾತಿಲ್ಲದೆ ಎಲ್ಲವನ್ನೂ ಕೊಟ್ಟಿದ್ದ. ಬಾಲ್ಕನಿಯಿಂದ ಒಳಗೆ ನೋಡಿದೆ. ಮೇಘಿ ಪೆಟ್ಟಿಗೆಗೆ ಒರಗಿಕೊಂಡು, ನಾನು ಬಿಟ್ಟೆದ್ದ ಜಾಗವನ್ನು ಹಾಗೇ ಖಾಲಿ ಇಟ್ಟುಕೊಂಡು, ನನ್ನ ಕಡೆಗೇ ನೋಡುತ್ತಿದ್ದಳು.

"ಕೊಡ್ತೀನಪಾ, ಸ್ವಲ್ಪ ತಡಿ," ಎಂದೆ. "ಈಗ ನನ್ನ ಜೊತಿ ಮಾತಾಡ್ಲಿಕತ್ತಾಳ."